ಆಟೋ ಮೀಟರಿಗೂ ಬೇಕು ತಕ್ಕಡಿಯ ಸೀಲು

ಅರ್ಧ ಕಿಲೋ ಬೇಳೆಯಲ್ಲಿ ಹತ್ತು ಗ್ರಾಂ ಕಡಿಮೆ ಬಿದ್ದರೆ ಗಿರಾಕಿ ಸುಮ್ಮನಿರುವುದಿಲ್ಲ. "ಏನ್ರೀ ಶೆಟ್ರೇ, ತಕ್ಕಡಿ ನೆಟ್ಟಗಿದೆಯೇನ್ರೀ?" ಎಂದು ನಾಲ್ಕು ಜನರ ಮುಂದೆಯೇ ಕೇಳಿಬಿಡುತ್ತಾನೆ. ಅಂಗಡಿಯವರೂ ಅಷ್ಟೆ. ತಕ್ಕಡಿಗೆ ಈ ವರ್ಷದ ಸೀಲು ಬಿದ್ದಿದೆಯೋ ಇಲ್ಲವೋ ಎಂದು ಇನ್ಸ್‌ಪೆಕ್ಟರ್ ಬಾಗಿಲಿಗೆ ಬರುವ ಮುಂಚೆಯೇ ನೋಡಿಟ್ಟುಕೊಂಡಿರುತ್ತಾರೆ. ಅದೇ ಗಿರಾಕಿ, ಅದೇ ಶೆಟ್ಟರು ಸಂಜೆ ಬಸ್ಸು ತಪ್ಪಿಸಿಕೊಂಡು ಆಟೋ ಹತ್ತಿದರೆ ಮೀಟರಿನ ಕೆಂಪು ಅಂಕಿಗಳನ್ನಷ್ಟೇ ನೋಡುತ್ತಾರೆ. ಮೀಟರಿನ ಸೀಲು ಯಾರಿಗೂ ಕಾಣುವುದಿಲ್ಲ.

ಕಾಣಬೇಕು. ಏಕೆಂದರೆ ಕಾನೂನಿನ ಲೆಕ್ಕದಲ್ಲಿ ತಕ್ಕಡಿ ಬೇರೆಯಲ್ಲ, ಆಟೋ ಮೀಟರ್ ಬೇರೆಯಲ್ಲ. ಎರಡೂ ಅಳತೆಯ ಸಾಧನಗಳೇ. ಒಂದು ಬೇಳೆ ತೂಗುತ್ತದೆ, ಇನ್ನೊಂದು ದಾರಿ ತೂಗುತ್ತದೆ. ಎರಡಕ್ಕೂ ಮುದ್ರೆ ಹಾಕಬೇಕಾದ್ದು ಒಂದೇ ಇಲಾಖೆ: ಕಾನೂನು ಮಾಪನಶಾಸ್ತ್ರ ಇಲಾಖೆ. ಹಳಬರ ಬಾಯಲ್ಲಿ ಇಂದಿಗೂ ಅದು 'ತೂಕ ಮತ್ತು ಅಳತೆ ಇಲಾಖೆ'. ಎರಡಕ್ಕೂ ಅನ್ವಯಿಸುವುದು 2009ರ ಕಾನೂನು ಮಾಪನಶಾಸ್ತ್ರ ಕಾಯಿದೆ. ಅದು ಜಾರಿಗೆ ಬಂದದ್ದು 2011ರ ಏಪ್ರಿಲ್ 1ರಿಂದ.

ಇಷ್ಟಿದ್ದರೂ ಬೆಂಗಳೂರಿನಲ್ಲಿ ಮೀಟರ್ ಎಂದರೆ ಜಗಳ ಎಂದೇ ಅರ್ಥವಾಗಿಬಿಟ್ಟಿದೆ. "ಮೀಟರ್ ಹಾಕಪ್ಪಾ" ಎಂದರೆ "ಮೀಟರ್ ಮೇಲೆ ಇಪ್ಪತ್ತು ಕೊಡಿ ಸಾರ್" ಎಂಬ ಉತ್ತರ. ಒಪ್ಪಿ ಕೂತರೆ ದಾರಿಯುದ್ದಕ್ಕೂ ಅನುಮಾನ: "ಇದೇನ್ರೀ, ಮೀಟರ್ ಕುದುರೆ ಥರ ಓಡ್ತಿದೆಯಲ್ಲಾ!" ಅದಕ್ಕೆ ಡ್ರೈವರಿನ ಉತ್ತರವೂ ಸಿದ್ಧ: "ನಂದೇನಿದೆ ಸಾರ್, ಮಿಷಿನ್ ತೋರಿಸಿದ್ದು." ಇಬ್ಬರಲ್ಲಿ ಯಾರ ಮಾತು ನಿಜ? ಅದನ್ನು ಬಾಯಿಮಾತಿನಲ್ಲಿ ತೀರ್ಮಾನಿಸಲು ಆಗದು. ಲೆಕ್ಕ ಹಾಕಿ ತೀರ್ಮಾನಿಸಬಹುದು. ಆ ಲೆಕ್ಕ ಕಷ್ಟದ್ದೂ ಅಲ್ಲ.

ಮೀಟರ್ ರಸ್ತೆ ನೋಡುವುದಿಲ್ಲ

ಮೊದಲು ಒಂದು ಮಾತು ತಿಳಿದಿರಬೇಕು. ಆಟೋ ಮೀಟರಿಗೆ ರಸ್ತೆ ಕಾಣಿಸುವುದಿಲ್ಲ. ಮೆಜೆಸ್ಟಿಕ್ಕಿನಿಂದ ಜಯನಗರಕ್ಕೆ ಎಷ್ಟು ದೂರ ಎಂಬುದು ಅದಕ್ಕೆ ಗೊತ್ತೇ ಇಲ್ಲ. ಅದಕ್ಕೆ ಗೊತ್ತಿರುವುದು ಒಂದೇ: ಚಕ್ರ ಎಷ್ಟು ಸುತ್ತು ತಿರುಗಿತು ಎಂಬುದು. ಗಾಡಿಯ ಚಕ್ರದಿಂದಲೋ ಗೇರ್ ಬಾಕ್ಸಿನಿಂದಲೋ ಆ ಎಣಿಕೆ ಮೀಟರಿಗೆ ಬರುತ್ತದೆ. ಇಷ್ಟು ಸುತ್ತಿಗೆ ಒಂದು ಕಿಲೋಮೀಟರ್ ಎಂದು ಒಳಗೆ ಮೊದಲೇ ಬರೆದಿಟ್ಟಿರುತ್ತಾರೆ. ಅಷ್ಟು ಸುತ್ತು ತುಂಬಿತೋ, ಮೀಟರ್ ಒಂದು ಕಿಲೋಮೀಟರ್ ಎನ್ನುತ್ತದೆ.

ಈ ಉಪಾಯ ಹೊಸದೇನಲ್ಲ. ಎರಡು ಸಾವಿರ ವರ್ಷದ ಹಿಂದೆ ರೋಮಿನ ವಿಟ್ರೂವಿಯಸ್ ಎಂಬ ವಾಸ್ತುಶಿಲ್ಪಿ ಇಂಥದ್ದೊಂದು ಗಾಡಿಯ ವಿವರ ಬರೆದಿಟ್ಟಿದ್ದಾನೆ. ಗಾಡಿಯ ಚಕ್ರ 400 ಸುತ್ತು ತಿರುಗಿದರೆ ಒಂದು ರೋಮನ್ ಮೈಲಿ. ಆಗ ಒಂದು ಸಣ್ಣ ಕಲ್ಲು ಡಬ್ಬಿಯೊಳಗೆ ಟಣ್ ಎಂದು ಬೀಳುತ್ತದೆ. ಊರು ತಲುಪಿದ ಮೇಲೆ ಡಬ್ಬಿಯಲ್ಲಿನ ಕಲ್ಲು ಎಣಿಸಿದರೆ ಎಷ್ಟು ಮೈಲಿ ಬಂದೆವು ಎಂದು ಗೊತ್ತಾಗುತ್ತದೆ. ಬಾಡಿಗೆ ಗಾಡಿಗೆಂದೇ ಟ್ಯಾಕ್ಸಿ ಮೀಟರನ್ನು 1891ರಲ್ಲಿ ಮಾಡಿದವನು ಜರ್ಮನಿಯ ವಿಲ್ಹೆಲ್ಮ್ ಬ್ರೂನ್. ಕಲ್ಲು ಹೋಗಿ ಹಲ್ಲಿನ ಚಕ್ರ ಬಂತು, ಹಲ್ಲಿನ ಚಕ್ರ ಹೋಗಿ ಬಾವುಟ ಮಡಿಸುವ ಮೀಟರಿನ ಕಾಲವೂ ಕಳೆದು ಈಗ ಎಲೆಕ್ಟ್ರಾನಿಕ್ ಮೀಟರ್ ಬಂದಿದೆ. ಎಣಿಸುವ ಪದಾರ್ಥ ಮಾತ್ರ ಅದೇ: ಚಕ್ರದ ಸುತ್ತು.

ಟೈರ್ ಸವೆದರೆ ಯಾರ ಜೇಬಿಗೆ ಕತ್ತರಿ?

ಎಡವಟ್ಟು ಆಗುವುದು ಇಲ್ಲಿಯೇ. ಚಕ್ರದ ಸುತ್ತಳತೆ ಎಂದೆಂದಿಗೂ ಒಂದೇ ಇರುವುದಿಲ್ಲ. ಹೊಸ ಟೈರಿನ ಸುತ್ತಳತೆ 1 ಮೀಟರ್ 30 ಸೆಂಟಿಮೀಟರ್ ಎಂದು ಇಟ್ಟುಕೊಳ್ಳೋಣ. ಒಂದು ಕಿಲೋಮೀಟರ್ ಸಾಗಲು ಅದು ಸುಮಾರು 769 ಸುತ್ತು ತಿರುಗಬೇಕು. ಮೀಟರಿಗೆ ಈ 769ನ್ನೇ ಹೇಳಿಕೊಟ್ಟಿದ್ದಾರೆ ಎನ್ನಿ. ಕೆಲವು ತಿಂಗಳು ಓಡಿ ಟೈರು 5 ಮಿಲಿಮೀಟರ್ ಸವೆಯಿತು. ಈಗ ಸುತ್ತಳತೆ 1 ಮೀಟರ್ 27 ಸೆಂಟಿಮೀಟರಿಗೆ ಇಳಿಯಿತು. ಅದೇ ಒಂದು ಕಿಲೋಮೀಟರಿಗೆ ಈ ಟೈರು 788 ಸುತ್ತು ತಿರುಗುತ್ತದೆ. ಮೀಟರಿಗೆ ಪಾಪ, ಟೈರು ಸವೆದದ್ದು ಗೊತ್ತಿಲ್ಲ. ಅದು 788ನ್ನು 769ರಿಂದ ಭಾಗಿಸಿ, ಗಾಡಿ 1 ಕಿಲೋಮೀಟರ್ 25 ಮೀಟರ್ ಬಂತು ಎನ್ನುತ್ತದೆ. ಅಂದರೆ ನೂರಕ್ಕೆ ಎರಡೂವರೆ ಪಾಲು ಹೆಚ್ಚು.

ಗಾಳಿ ಕಡಿಮೆಯಾದರೂ ಇದೇ ಕತೆ. ಟೈರು ಕುಗ್ಗಿ ಕೂತರೆ ಸುತ್ತು ಸ್ವಲ್ಪ ಹೆಚ್ಚುತ್ತದೆ, ಮೀಟರ್ ಸ್ವಲ್ಪ ಮುಂದೋಡುತ್ತದೆ. ಸವೆದ ಟೈರಿನ ಮೇಲೆ ಸರಿ ಮಾಡಿಸಿದ ಮೀಟರಿಗೆ ಆಮೇಲೆ ಹೊಸ ಟೈರು ಹಾಕಿದರೆ ಕತೆ ತಿರುವು ಮುರುವು. ಆಗ ಮೀಟರ್ ಹಿಂದೆ ಬೀಳುತ್ತದೆ, ನಷ್ಟ ಡ್ರೈವರಿಗೆ. ದಿನಕ್ಕೆ 80 ಕಿಲೋಮೀಟರ್ ಬಾಡಿಗೆ ಓಡಿಸುವವನ ಮೀಟರ್ ನೂರಕ್ಕೆ ಎರಡು ಪಾಲು ಹಿಂದಿದ್ದರೆ ಕಿಲೋಮೀಟರಿಗೆ 18 ರೂಪಾಯಿಯ ಲೆಕ್ಕದಲ್ಲಿ ದಿನಕ್ಕೆ 28 ರೂಪಾಯಿ 80 ಪೈಸೆ ಖೋತಾ. ತಿಂಗಳಿಗೆ ಇಪ್ಪತ್ತೈದು ದಿನ ಎಂದರೂ 720 ರೂಪಾಯಿ! ಮೀಟರ್ ಸರಿ ಮಾಡಿಸುವುದು ಬರೀ ಪ್ರಯಾಣಿಕರ ಉಪಕಾರಕ್ಕೆ ಎಂದು ತಿಳಿದ ಡ್ರೈವರಣ್ಣ ಈ ಲೆಕ್ಕ ಒಮ್ಮೆ ಹಾಕಿ ನೋಡಬೇಕು.

ಲೆಕ್ಕ ಹಾಕಿ, ಕಳ್ಳ ಸಿಗುತ್ತಾನೆ

ಈಗ ಪ್ರಯಾಣಿಕರ ಕಡೆ ಬರೋಣ. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ದರ ಹೀಗಿದೆ. ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರಿಗೆ 18 ರೂಪಾಯಿ. ಕಾಯುವಿಕೆಗೆ ಮೊದಲ 5 ನಿಮಿಷ ಉಚಿತ, ನಂತರ ಪ್ರತಿ 15 ನಿಮಿಷಕ್ಕೆ 10 ರೂಪಾಯಿ. ರಾತ್ರಿ 10ರಿಂದ ಬೆಳಗಿನ 5ರವರೆಗೆ ಒಂದೂವರೆ ಪಟ್ಟು. 20 ಕಿಲೋವರೆಗಿನ ಸಾಮಾನಿಗೆ ಕಾಸಿಲ್ಲ.

ಈ ಲೆಕ್ಕದಲ್ಲಿ 10 ಕಿಲೋಮೀಟರಿಗೆ ಸರಿಯಾದ ಬಾಡಿಗೆ 180 ರೂಪಾಯಿ. ಟೈರು ಸವೆದು ಮೀಟರ್ ನೂರಕ್ಕೆ ಎರಡೂವರೆ ಪಾಲು ಮುಂದೋಡಿತು ಎನ್ನಿ. ಆಗ ಮೀಟರ್ 184 ರೂಪಾಯಿ 50 ಪೈಸೆ ತೋರಿಸುತ್ತದೆ. ನಾಲ್ಕೂವರೆ ರೂಪಾಯಿ, ಅಷ್ಟೆ. ಒಂದು ಬೈಟು ಕಾಫಿಯೂ ಬರದ ದುಡ್ಡು.

ಆದರೆ ಅದೇ 10 ಕಿಲೋಮೀಟರಿಗೆ ಮೀಟರ್ 230 ತೋರಿಸಿದರೆ? ಆಗ ಅದು ಸುಮಾರು 12 ಕಿಲೋಮೀಟರ್ 780 ಮೀಟರ್ ಎಂದು ಎಣಿಸಿದೆ ಎಂದು ಅರ್ಥ. "ಟೈರು ಸವೆದಿದೆ ಸಾರ್" ಎಂದರೆ ನಂಬಬಹುದೇ? ಟೈರಿನ ಸವೆತದಿಂದಲೇ ಅಷ್ಟು ವ್ಯತ್ಯಾಸ ಬರಬೇಕಾದರೆ ಟೈರು ನಾಲ್ಕೂವರೆ ಸೆಂಟಿಮೀಟರ್ ಸವೆದಿರಬೇಕು. ಅಷ್ಟು ಸವೆದ ಮೇಲೆ ಗಾಡಿ ಓಡಲು ಟೈರೇ ಇರುವುದಿಲ್ಲ ಸ್ವಾಮಿ!

"ಜಾಮ್‌ನಲ್ಲಿ ನಿಂತಿದ್ವಲ್ಲಾ ಸಾರ್" ಎಂಬ ಮಾತಿಗೂ ಲೆಕ್ಕ ಇದೆ. ಒಟ್ಟು 20 ನಿಮಿಷ ಗಾಡಿ ನಿಂತಿದ್ದರೂ ಏರುವುದು 10 ರೂಪಾಯಿ. ಐವತ್ತಕ್ಕೆ ಅದು ಉತ್ತರವಲ್ಲ.

ಅಂದರೆ ವಿಷಯ ಇಷ್ಟು: ಗಾಡಿ ಸವೆದು ಬರುವ ತಪ್ಪು ಯಾವಾಗಲೂ ಸಣ್ಣದು. ದೊಡ್ಡ ತಪ್ಪು ತಾನಾಗಿ ಬರುವುದಿಲ್ಲ, ಯಾರೋ ಕೈ ಹಾಕಿದರೆ ಮಾತ್ರ ಬರುತ್ತದೆ. ನೂರಕ್ಕೆ ಎರಡು ಮೂರು ವ್ಯತ್ಯಾಸಕ್ಕೆ ಡ್ರೈವರಿನ ಮೇಲೆ ರೇಗಾಡುವುದು ನ್ಯಾಯವಲ್ಲ. ಇಪ್ಪತ್ತು ಮೂವತ್ತು ವ್ಯತ್ಯಾಸಕ್ಕೆ ಸುಮ್ಮನೆ ದುಡ್ಡು ಕೊಟ್ಟು ಇಳಿಯುವುದೂ ನ್ಯಾಯವಲ್ಲ. ಇದೊಂದು ಭೇದ ತಿಳಿದಿದ್ದರೆ ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ.

ದರ ಬೇರೆ, ದೂರ ಬೇರೆ

ಮೀಟರ್ ಸರಿ ಮಾಡಿಸುವುದು ಎಂದರೆ ಎರಡು ಕೆಲಸ. ಜನ ಎರಡನ್ನೂ ಕಲಸಿಬಿಡುತ್ತಾರೆ.

ಒಂದು, ದರ ಬದಲಿಸುವುದು. ಸರ್ಕಾರ ಬಾಡಿಗೆ ಏರಿಸಿದಾಗ ಮೀಟರಿನೊಳಗೆ ಹಳೆಯ ದರ ತೆಗೆದು ಹೊಸದು ಕೂರಿಸಬೇಕು. 2025ರಲ್ಲಿ ದರ ಏರಿಸಿದಾಗ ಎಲ್ಲ ಆಟೋಗಳೂ ಅಕ್ಟೋಬರ್ 31ರೊಳಗೆ ಮೀಟರಿಗೆ ಹೊಸ ದರ ಹಾಕಿಸಿ, ಪರಿಶೀಲನೆ ಮಾಡಿಸಿ ಸೀಲು ಹಾಕಿಸಿಕೊಳ್ಳಬೇಕು, ಅಲ್ಲಿಯವರೆಗೆ ದರಪಟ್ಟಿ ಗಾಡಿಯಲ್ಲಿ ಕಾಣುವಂತೆ ಇಡಬೇಕು ಎಂದು ಆದೇಶವಾಯಿತು. ಮೀಟರಿನಲ್ಲಿ ಹಳೆಯ ದರದ ಅಂಕಿ, ಕೈಯಲ್ಲಿ ಹೊಸ ದರದ ಕಾರ್ಡು. ಹಳೆಯ ದರ 2021ರ ಡಿಸೆಂಬರ್ 1ರಿಂದ ಇದ್ದದ್ದು: ಮೊದಲ 2 ಕಿಲೋಮೀಟರಿಗೆ 30, ಆಮೇಲೆ 15.

ಎರಡು, ದೂರ ಸರಿಪಡಿಸುವುದು. ಇದೇ ನಿಜವಾದ ಅಳತೆಯ ಕೆಲಸ. ಈ ಗಾಡಿಯ ಈ ಚಕ್ರ ಒಂದು ಕಿಲೋಮೀಟರಿಗೆ ಎಷ್ಟು ಸುತ್ತು ತಿರುಗುತ್ತದೆ ಎಂದು ಕಂಡುಹಿಡಿದು, ಆ ಸಂಖ್ಯೆಯನ್ನು ಮೀಟರಿಗೆ ಹೇಳಿಕೊಡುವುದು. ದರ ಹೊಸದಾಗಿ ಹಾಕಿಸಿ ದೂರದ ಗೊಡವೆಗೆ ಹೋಗದಿದ್ದರೆ ಏನಾಗುತ್ತದೆ? ಬೆಲೆಪಟ್ಟಿ ಬದಲಿಸಿ ತಕ್ಕಡಿಯ ಸೊಟ್ಟ ಹಾಗೇ ಉಳಿಸಿದಂತೆ. ಬೆಲೆ ಸರಿ, ತೂಕ ತಪ್ಪು.

ದೂರ ಸರಿಪಡಿಸುವ ವಿಧಾನ ಸರಳ. ಮೊದಲು ಟೈರಿಗೆ ಹೇಳಿದಷ್ಟು ಗಾಳಿ ತುಂಬಬೇಕು. ಯಾವ ಚಕ್ರದಿಂದ ಎಣಿಕೆ ಬರುತ್ತದೋ ಆ ಚಕ್ರದಲ್ಲಿ ದಿನಾ ಓಡುವ ಟೈರೇ ಇರಬೇಕು. ಮೀಟರ್ ಸರಿ ಮಾಡಿಸಲು ಒಂದು ಟೈರು, ಬಾಡಿಗೆ ಓಡಿಸಲು ಇನ್ನೊಂದು ಸ್ಟೆಪ್ನಿ ಎಂದರೆ ಆಗದು. ಆಮೇಲೆ ಮೀಟರನ್ನು ಯಂತ್ರಕ್ಕೆ ಕೂರಿಸಿ ಇಷ್ಟು ಸುತ್ತು ಕೊಟ್ಟರೆ ಎಷ್ಟು ತೋರಿಸುತ್ತದೆ ಎಂದು ನೋಡುವುದು ಒಂದು ಪರೀಕ್ಷೆ. ಗಾಡಿಯನ್ನೇ ಅಳೆದಿಟ್ಟ ರಸ್ತೆಯಲ್ಲಿ ಓಡಿಸಿ ನೋಡುವುದು ಇನ್ನೊಂದು. ಎರಡನೆಯದೇ ಗಟ್ಟಿ ಪರೀಕ್ಷೆ. ಯಂತ್ರದಲ್ಲಿ ಪಾಸಾದ ಮೀಟರ್ ಗಾಡಿಗೆ ಕೂರಿಸಿದ ಮೇಲೆ ಟೈರಿನ ದೆಸೆಯಿಂದ ಫೇಲಾಗಬಹುದು. ತಪ್ಪು ನಿಯಮದ ಮಿತಿಯೊಳಗಿದ್ದರೆ ಸೀಸದ ಮುದ್ರೆ ಬೀಳುತ್ತದೆ. ಮುದ್ರೆ ಒಡೆಯದೆ ಮೀಟರ್ ಬಿಚ್ಚಲು ಆಗಬಾರದು, ಮುದ್ರೆಯ ಉಪಯೋಗವೇ ಅದು.

ಮುದ್ರೆ ಓದುವುದು ಹೇಗೆ?

ಈ ಮುದ್ರೆ ಓದಲು ಅಂಗಡಿಯವರಿಗೆ ಯಾರೂ ಕಲಿಸಬೇಕಿಲ್ಲ. ತೂಕದ ಕಲ್ಲಿನ ಮೇಲೆ ಇರುವಂಥದ್ದೇ ಗುರುತು. ವರ್ಷದ ಕೊನೆಯ ಎರಡು ಅಂಕಿ, ಜೊತೆಗೆ ಎ, ಬಿ, ಸಿ, ಡಿ ಎಂಬ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲಿನಿಂದ ಜೂನ್. ಹೀಗೆ ಮೂರು ಮೂರು ತಿಂಗಳಿಗೆ ಒಂದು ಅಕ್ಷರ. ತೂಕದ ಕಲ್ಲಿಗೆ ಎರಡು ವರ್ಷಕ್ಕೊಮ್ಮೆ ಸೀಲು ಸಾಕು. ಎಲೆಕ್ಟ್ರಾನಿಕ್ ತಕ್ಕಡಿಗೂ ಆಟೋ ಮೀಟರಿಗೂ ವರ್ಷಕ್ಕೊಮ್ಮೆ ಬೇಕೇ ಬೇಕು. ಪರಿಶೀಲನೆಯ ಸರ್ಟಿಫಿಕೇಟೂ ಇರುತ್ತದೆ. ಕೇಳಿದರೆ ತೋರಿಸುವುದರಲ್ಲಿ ಅವಮಾನವೇನೂ ಇಲ್ಲ.

ಹಳಬರಿಗೆ ನೆನಪಿರಬಹುದು. ಸೇರು, ಮಣ, ಗಜದ ಲೆಕ್ಕ ಹೋಗಿ ಕಿಲೋ, ಮೀಟರ್ ಬಂದಾಗ ಅಂಗಡಿ ಅಂಗಡಿಯಲ್ಲೂ ಗಲಾಟೆ. 1956ರಲ್ಲಿ ಕಾಯಿದೆಯಾಗಿ, 1958ರ ಅಕ್ಟೋಬರಿನಿಂದ ಹಂತ ಹಂತವಾಗಿ ಹೊಸ ತೂಕ ಜಾರಿಗೆ ಬಂತು. "ಕಿಲೋ ಅಂದ್ರೆ ಮೋಸ" ಎಂದವರೂ ಇದ್ದರು. ಕಲ್ಲಿನ ಮೇಲೆ ಸರ್ಕಾರದ ಮುದ್ರೆ ನೋಡಿ ನೋಡಿ ಜನಕ್ಕೆ ನಂಬಿಕೆ ಬಂತು. ಇಂದು ಸೀಲಿಲ್ಲದ ತಕ್ಕಡಿ ಇಟ್ಟರೆ ಅಂಗಡಿಯವರಿಗೇ ಅಳುಕು. ಆ ಅಳುಕು ಆಟೋ ಮೀಟರಿಗೆ ಇನ್ನೂ ಬಂದಿಲ್ಲ.

ಕಲ್ಲಿನಿಂದ ಕಲ್ಲಿಗೆ

ಮೀಟರ್ ಸರಿಯಿದೆಯೋ ಇಲ್ಲವೋ ಎಂದು ಯಾರು ಬೇಕಾದರೂ ನೋಡಬಹುದಾದ ಒಂದು ದಾರಿ ಇದೆ. ಹೆದ್ದಾರಿಯ ಕಿಲೋಮೀಟರ್ ಕಲ್ಲು. ತಲೆಗೆ ಹಳದಿ ಬಣ್ಣ ಬಳಿದಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ. ನಡುವೆ 200 ಮೀಟರಿಗೊಂದು ಪುಟ್ಟ ಕಲ್ಲು. ಊರೊಳಗೆ ಇವು ಸಿಗುವುದು ಕಷ್ಟ, ಊರಾಚೆ ಸಿಗುತ್ತವೆ.

ಒಂದು ಕಲ್ಲಿನ ಹತ್ತಿರ ಮೀಟರ್ ಹಾಕಿ, ಮೂರನೆಯ ಕಿಲೋಮೀಟರ್ ಕಲ್ಲಿನ ಹತ್ತಿರ ನಿಲ್ಲಿಸಿದರೆ ಹಗಲು ಹೊತ್ತಿನಲ್ಲಿ ಮೀಟರ್ 54 ರೂಪಾಯಿ ತೋರಿಸಬೇಕು. 36ಕ್ಕೆ 18 ಸೇರಿದರೆ 54. 60 ತೋರಿಸಿದರೆ ಆ ಮೀಟರ್ ನೂರಕ್ಕೆ ಹನ್ನೊಂದು ಪಾಲು ಮುಂದಿದೆ. ಇನ್ನೂ ಹೆಚ್ಚು ದೂರ ಹೋದಷ್ಟು ಲೆಕ್ಕ ಇನ್ನೂ ಖಚಿತ. 2 ಕಿಲೋಮೀಟರಿನೊಳಗೆ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. ಅಲ್ಲಿ ಸರಿ ಮೀಟರೂ 36, ಸೊಟ್ಟ ಮೀಟರೂ 36.

ಬಸ್ಸಿನ ಸ್ಟೇಜಿನ ಲೆಕ್ಕ ಹಿಡಿದು ಮೀಟರಿನ ಜೊತೆ ವಾದ ಮಾಡುವವರಿದ್ದಾರೆ. "ಬಸ್ಸಲ್ಲಿ ನಾಲ್ಕು ಸ್ಟೇಜು, ನಿನ್ ಮೀಟರ್‌ನಲ್ಲಿ ಇಷ್ಟು ಹೇಗೆ?" ಅದು ಸಲ್ಲದ ವಾದ. ಸ್ಟೇಜು ಟಿಕೆಟ್ಟಿನ ದರಕ್ಕಾಗಿ ಮಾಡಿಕೊಂಡ ವಿಂಗಡಣೆ, ಅಳತೆಯ ಟೇಪಲ್ಲ. ಒನ್ ವೇ ಇದ್ದ ಕಡೆ ಬಸ್ಸಿನ ದಾರಿಯೇ ಬೇರೆ, ಆಟೋ ದಾರಿಯೇ ಬೇರೆ.

ಪಕ್ಕದಲ್ಲಿ ಬಂದ ಗೆಳೆಯನ ಕಾರಿನ ಸ್ಪೀಡೋಮೀಟರ್ ನೋಡಿ ಆಟೋದ ವೇಗ ಅಳೆಯುವುದೂ ಅಷ್ಟೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಸ್ಪೀಡೋಮೀಟರ್ ಎಂದೂ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದು. ಹೆಚ್ಚು ತೋರಿಸಿದರೆ ನೂರಕ್ಕೆ ಹತ್ತು, ಮೇಲೆ 4 ಕಿಲೋಮೀಟರ್‌ವರೆಗೆ ಮಾಫಿ. ನಿಜವಾಗಿ 80ರಲ್ಲಿ ಓಡುವ ಕಾರಿನ ಮುಳ್ಳು 92ರವರೆಗೆ ತೋರಿಸಿದರೂ ತಪ್ಪಿಲ್ಲ. ಚಾಲಕ ತಿಳಿಯದೆ ವೇಗದ ಮಿತಿ ದಾಟಬಾರದು ಎಂದು ಬೇಕೆಂದೇ ಹೀಗೆ ಇಟ್ಟಿದ್ದಾರೆ. ಬಾಡಿಗೆ ಮೀಟರಿಗೆ ಇಂಥ ಧಾರಾಳ ಸಲ್ಲುವುದಿಲ್ಲ. ಸ್ಪೀಡೋಮೀಟರ್ ಇರುವುದು ಎಚ್ಚರಿಕೆಗೆ, ಬಾಡಿಗೆ ಮೀಟರ್ ಇರುವುದು ವ್ಯಾಪಾರಕ್ಕೆ.

ಫೋನ್ ನಂಬಬಹುದೇ?

ಈಗ ಎಲ್ಲರ ಕೈಯಲ್ಲೂ ಫೋನು. ಮೀಟರ್ ಒಂದು ಹೇಳಿದರೆ ಫೋನಿನ ನಕ್ಷೆ ಇನ್ನೊಂದು ಹೇಳುತ್ತದೆ. ಫೋನು ಚಕ್ರ ಎಣಿಸುವುದಿಲ್ಲ, ಆಕಾಶದ ಉಪಗ್ರಹಗಳ ಸಂಕೇತ ಹಿಡಿದು ತಾನೆಲ್ಲಿದ್ದೇನೆ ಎಂದು ಲೆಕ್ಕ ಹಾಕುತ್ತದೆ. ಬಯಲಿನಲ್ಲಿ ಅದರ ತಪ್ಪು ಸುಮಾರು 5 ಮೀಟರಿನೊಳಗೆ ಇರುತ್ತದೆ. ಎತ್ತರದ ಕಟ್ಟಡಗಳ ನಡುವೆ, ಮೇಲ್ಸೇತುವೆಯ ಕೆಳಗೆ ಅದೇ ಫೋನು ತಡವರಿಸುತ್ತದೆ. ತಿರುವುಗಳನ್ನು ಕತ್ತರಿಸಿ ದೂರ ಕಡಿಮೆ ತೋರಿಸುವುದೂ ಉಂಟು, ಸಿಗ್ನಲ್ಲಿನಲ್ಲಿ ನಿಂತಲ್ಲೇ ಅಲುಗಾಡಿ ಹೆಚ್ಚು ತೋರಿಸುವುದೂ ಉಂಟು. ಹತ್ತು ಹದಿನೈದು ಕಿಲೋಮೀಟರಿನ ಪ್ರಯಾಣದಲ್ಲಿ ಮೀಟರ್ ದಾರಿ ತಪ್ಪಿದೆಯೇ ಎಂದು ಅಂದಾಜು ಮಾಡಲು ಫೋನು ಒಳ್ಳೆಯದೇ. ಆದರೆ ಹೊರಡುವ ಮುಂಚೆ ನಕ್ಷೆ ಹೇಳಿದ ದೂರವಲ್ಲ, ಬಂದ ದಾರಿಯಲ್ಲೇ ಅಳೆದ ದೂರ ನೋಡಬೇಕು. ನಾಲ್ಕೂವರೆ ರೂಪಾಯಿಯ ಜಗಳಕ್ಕೆ ಅದು ಸಾಕ್ಷಿಯಾಗದು. ಐವತ್ತರ ಜಗಳಕ್ಕೆ ಧಾರಾಳವಾಗಿ ಆಗುತ್ತದೆ.

ಡ್ರೈವರಣ್ಣನ ಗೋಳು

ಡ್ರೈವರುಗಳ ಮಾತನ್ನೂ ಕೇಳಬೇಕು. ಮೀಟರ್ ಸರಿ ಮಾಡಿಸಲು ಹೋದ ದಿನ ಬಾಡಿಗೆ ಇಲ್ಲ. ಸಾಲಿನಲ್ಲಿ ನಿಲ್ಲಬೇಕು, ರಿಪೇರಿ ಅಂಗಡಿಗೆ ಕೊಡಬೇಕು, ಸರ್ಕಾರದ ಫೀಸು ಕಟ್ಟಬೇಕು. ದರ ಏರಿಸಿದಾಗಲೆಲ್ಲಾ ಊರಿನ ಆಟೋಗಳಿಗೆಲ್ಲಾ ಒಂದೇ ಗಡುವು. "ಮೀಟರ್ ಮೇಲೆ ಕೂತ್ಕೊಳ್ಳೋರೇ ಇಲ್ಲ, ಎಲ್ಲಾ ಫೋನಲ್ಲೇ ಬುಕ್ ಮಾಡ್ತಾರೆ, ನಾನ್ಯಾಕೆ ಸಾರ್ ಖರ್ಚು ಮಾಡ್ಲಿ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ಸುಳ್ಳಲ್ಲ. ಆದರೆ ಮೀಟರ್ ಮೂಲೆಗೆ ಬಿದ್ದಷ್ಟೂ ಬಾಡಿಗೆ ಎಷ್ಟು ಎಂದು ಹೇಳುವ ಅಧಿಕಾರ ಡ್ರೈವರಿನ ಕೈ ತಪ್ಪುತ್ತದೆ, ಪ್ರಯಾಣಿಕರ ಕೈಯನ್ನೂ ತಪ್ಪುತ್ತದೆ. ಇಬ್ಬರ ನಡುವೆ ಇಬ್ಬರಿಗೂ ಕಾಣುವಂತೆ ಕೂತಿರುವ ಸಾಕ್ಷಿ ಎಂದರೆ ಆ ಡಬ್ಬಿಯೊಂದೇ.

ಇದು ಬೆಂಗಳೂರೊಂದರ ಮಾತಲ್ಲ. ಜಿಲ್ಲೆ ಜಿಲ್ಲೆಗೂ ಆಟೋ ದರ ಗೊತ್ತು ಮಾಡುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ದರ ಊರಿನಿಂದ ಊರಿಗೆ ಬೇರೆ ಇರಬಹುದು. ಕಿಲೋಮೀಟರ್ ಮಾತ್ರ ಎಲ್ಲ ಊರಲ್ಲೂ ಸಾವಿರ ಮೀಟರೇ.

ಅನುಮಾನ ಬಂದರೆ ಏನು ಮಾಡಬೇಕು? ಗಾಡಿಯ ನಂಬರು, ಹತ್ತಿದ ಜಾಗ, ಇಳಿದ ಜಾಗ, ಹೊತ್ತು, ಮೀಟರ್ ತೋರಿಸಿದ ದೂರ ಮತ್ತು ದುಡ್ಡು ಬರೆದಿಟ್ಟುಕೊಳ್ಳಬೇಕು. ಮುದ್ರೆಯ ವರ್ಷ ಕಂಡರೆ ಅದನ್ನೂ. ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು 1915. "ಜಾಸ್ತಿ ತಗೊಂಡ" ಎಂಬ ಬರೀ ಮಾತಿಗಿಂತ "10 ಕಿಲೋಮೀಟರಿಗೆ 12.8 ತೋರಿಸಿತು" ಎಂಬ ದೂರಿಗೆ ತೂಕ ಹೆಚ್ಚು.

ಅಂಗಡಿಯಲ್ಲಿ ತಕ್ಕಡಿ ನೋಡುವುದು ಶೆಟ್ಟರ ಮೇಲೆ ಅಪನಂಬಿಕೆ ಅಲ್ಲ, ರೂಢಿ. ಆಟೋ ಹತ್ತುವಾಗ ಮೀಟರಿನ ಮುದ್ರೆ ನೋಡುವುದೂ ಅಂಥದ್ದೇ ರೂಢಿಯಾದರೆ ಸರಿ ಮೀಟರಿನ ಡ್ರೈವರಿಗೆ ಮರ್ಯಾದೆ, ಸೊಟ್ಟ ಮೀಟರಿನವನಿಗೆ ಅಳುಕು. ಅದಕ್ಕೆ ಪ್ರಯಾಣಿಕರಿಗೆ ಖರ್ಚಾಗುವುದು ಅರ್ಧ ನಿಮಿಷ. ಕಾಯುವಿಕೆಯ ಮೊದಲ 5 ನಿಮಿಷ ಹೇಗೂ ಉಚಿತ!